ಡ್ರ್ಯಾಗನ್ ಸಾಯದ ಭಾನುವಾರಗಳು

ಲೋಕ ಸುತ್ತಿದವರಿಗೆ ಗಾಬರಿಯಾಗುವುದು ನಿಂತುಹೋಗಿರುತ್ತದೆ ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಶಿಕಾರಿಪುರಕ್ಕೆ ಬಂದೆ. ಇಲ್ಲಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಊಟದ ಮೇಜಿನ ಸುತ್ತ ನಾವು ಕೂತೆವೆಂದರೆ, ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯುವಂಥದ್ದು ಏನಾದರೊಂದು ಆಗದೆ ಹೋಗುವುದಿಲ್ಲ.

ನನ್ನ ಕೆಲಸ ಜನರ ಗುಂಪು ಕಟ್ಟಿಕೊಂಡು ದೇಶದೇಶದ ಬೆಟ್ಟ ಹತ್ತಿಸುವುದು. ಹಿಮದಲ್ಲಿ, ಮರಳಲ್ಲಿ, ಬೆಂಕಿಬೆಟ್ಟದ ಬೂದಿಯಲ್ಲಿ ನಡೆದವಳು, ರಜಕ್ಕೆಂದು ಅಕ್ಕನ ಮನೆಗೆ ಬಂದು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಎಕ್ಸ್‌ರೇ ನೋಡಿದ ಡಾಕ್ಟರು ಗೌರವದಿಂದ, "ಯಾವ ಬೆಟ್ಟ ಮೇಡಂ?" ಅಂದರು. ಬಚ್ಚಲು ಅಂದೆ. ಅವರ ಗೌರವ ಅಲ್ಲಿಗೇ ಮುಗಿಯಿತು.

ಪ್ಲಾಸ್ಟರ್ ಹಾಕಿಕೊಂಡು ಕೂತಲ್ಲೇ ಕೂರುವುದು ನನ್ನಂಥವಳಿಗೆ ಜೈಲು. ಆಗ ನೆನಪಾದದ್ದು ಜಾರ್ಜಿಯಾ ದೇಶದ ಒಂದು ಬೆಟ್ಟದೂರು. ಅಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ಕಲಿತ ಆಟ ಇದು. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, "ಈಗ ನಾನು ಹೀಗೆ ಮಾಡ್ತೀನಿ" ಅನ್ನಬೇಕು. ಅದು ಕೈಗೂಡುತ್ತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಿರಿ, ಸಣ್ಣದು ಬಿದ್ದರೆ ಬಿದ್ದಿರಿ. ಅಷ್ಟೇ.

ಆಡಲು ನಾಲ್ಕು ಜನ ಸಿಕ್ಕರು. ಪಕ್ಕದ ಮನೆಯ ನಿವೃತ್ತ ಸರ್ವೇಯರ್, ಕಥೆಯಲ್ಲಿ ಮಂತ್ರವಾದಿ. ಅವರ ವಾಕಿಂಗ್ ಜೊತೆಗಾರರಾದ ದನದ ಡಾಕ್ಟರು, ಗಾಯ ವಾಸಿ ಮಾಡುವ ಪೂಜಾರಿ. ನನ್ನ ಶಾಲೆಯ ಗೆಳತಿ, ಸೊರಬದಲ್ಲಿ ಹೈಸ್ಕೂಲ್ ಟೀಚರ್, ವಾರವಾರ ಬಸ್ಸು ಹತ್ತಿ ಬರುವವಳು, ತಾನಾಗೇ ಕೇಳಿ ಕಳ್ಳಿಯಾದಳು. ನಾಲ್ಕನೆಯವಳು ಹಿಂದಿನ ಬೀದಿಯ ಟೈಲರಮ್ಮ. ಅಜ್ಜನ ಕಾಲದಿಂದ ಹೊಲಿಗೆಯ ಮನೆತನ. ಪ್ಲಾಸ್ಟರ್ ಮೇಲೆ ಏರಲಿ ಅಂತ ನನ್ನ ಪ್ಯಾಂಟಿನ ಒಂದು ಕಾಲು ಬಿಚ್ಚಿ ಅಗಲ ಮಾಡಲು ಬಂದವಳು, ಆಟ ನೋಡಿ ಅಲ್ಲೇ ಕೂತುಬಿಟ್ಟಳು. ಅವಳು ಕತ್ತಿ ಹಿಡಿದ ವೀರೆ. ಶಿವಮೊಗ್ಗದಿಂದ ಆಚೆಗೆ ಹೋದವಳಲ್ಲ. ನಾನು ನೋಡಿದ ಊರುಗಳನ್ನೇ ಹೆಸರು ಬದಲಿಸಿ ಕಥೆಯೊಳಗೆ ಇಡುತ್ತಿದ್ದೆ. ಆಟ ಮುಗಿದ ಮೇಲೆ ಅವಳೊಬ್ಬಳು ಹಿಂದೆ ಉಳಿದು, "ಅಕ್ಕಾ, ಆ ಉಪ್ಪಿನ ಬಯಲು ನಿಜವಾಗ್ಲೂ ಐತಾ?" ಅಂತ ಕೇಳಿಯೇ ಹೋಗುವಳು.

ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆ: "ನೋಡಿ, ರಾಜ ನಿಮಗೆ ಡ್ರ್ಯಾಗನ್ ಕೊಲ್ಲೋ ಕೆಲಸ ಕೊಟ್ಟಿದಾನೆ. ಅದು ಸತ್ತ ದಿನ ಕಥೆ ಮುಗೀತು. ಅಷ್ಟೊತ್ತಿಗೆ ನನ್ನ ಕಾಲೂ ಸರಿಯಾಗಿರುತ್ತೆ. ಮರುವಾರ ನಾನು ಹೊರಟೆ. ನಾನು ಒಂದೂರಲ್ಲಿ ನಿಲ್ಲೋಳಲ್ಲ."

ನಾಲ್ವರೂ ತಲೆಯಾಡಿಸಿದರು. ಅಕ್ಕ ಆಗ ಒಳಗೆ ಮಿಕ್ಸಿ ಹಾಕಿದ್ದಳು, ಅವಳಿಗೆ ಕೇಳಿಸಲಿಲ್ಲ.

೧. ಗುಹೆಯ ಬಾಗಿಲಲ್ಲಿ

ಮೊದಲ ಗುಹೆಗೆ ಹೊಸದೇನೂ ಊಹಿಸುವ ಗೋಜಿಗೆ ಹೋಗಲಿಲ್ಲ. ಹಿಂದಿನ ವಾರವಷ್ಟೇ ಪ್ಲಾಸ್ಟರ್ ಕಾಲಲ್ಲೇ ಕುಂಟಿಕೊಂಡು ಬಳ್ಳಿಗಾವಿಯ ದೇವಸ್ಥಾನ ನೋಡಿ ಬಂದಿದ್ದೆ. ಅಲ್ಲಿಯ ಹೊಳೆಯುವ ಕಂಬಗಳನ್ನು ಎತ್ತಿ ತಂದು ಗುಹೆಯ ಬಾಯಿಗೆ ನಿಲ್ಲಿಸಿದೆ. ದನಿ ಇಳಿಸಿ, ಆದಷ್ಟು ಭಯಂಕರವಾಗಿ ಹೇಳಿದೆ: "ಒಳಗೆ ಕಗ್ಗತ್ತಲು. ಕಾಲಡಿಗೆ ತಣ್ಣನೆಯ ನುಣುಪು ಕಲ್ಲು. ಎಲ್ಲೋ ಆಳದಲ್ಲಿ ಏನೋ ಉಸಿರಾಡುತ್ತಿದೆ. ಏನು ಮಾಡ್ತೀರಿ?"

ನಾನು ಆಡಿಸಿದ ಕಡೆಯೆಲ್ಲ ಈ ಘಟ್ಟದಲ್ಲಿ ಜನ ಕತ್ತಿ ಹಿರಿಯುತ್ತಾರೆ, ಪಂಜು ಹಚ್ಚುತ್ತಾರೆ. ಸರ್ವೇಯರ್ ಅಂದರು, "ಚಪ್ಪಲಿ ಬಿಡ್ತೀವಿ."

"ಏನು?"

"ಕಲ್ಲುಕಂಬ ಐತಿ, ನುಣುಪು ನೆಲ ಐತಿ ಅಂತೀಯಲ್ಲ ತಂಗೀ. ಚಪ್ಪಲಿ ಹಾಕ್ಕೊಂಡು ಹೆಂಗ ಒಳಗ ಹೋಗೋದು?"

ಉಳಿದ ಮೂವರೂ ಅದರಲ್ಲೇನು ಕೇಳುವುದು ಅನ್ನುವ ಹಾಗೆ ನನ್ನ ಮುಖ ನೋಡಿದರು. ವೀರೆ, ಕಳ್ಳಿ, ಪೂಜಾರಿ, ಮಂತ್ರವಾದಿ ಸಾಲಾಗಿ ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ಹಾವು ಚೇಳುಗಳ ಮೇಲೆ ನಡೆದರು, ಅರ್ಧ ಜೀವವಾದರು, ಹೇಗೋ ಹೊರಬಿದ್ದರು. ನನಗೂ ಹಟ ಬಂದಿತ್ತು. "ಹೊರಗೆ ಬಂದು ನೋಡಿದರೆ ಚಪ್ಪಲಿ ಇಲ್ಲ. ಗಾಬ್ಲಿನ್ ಅನ್ನೋ ಕುಳ್ಳ ಭೂತಗಳು ಹೊತ್ಕೊಂಡು ಹೋಗಿವೆ" ಅಂದೆ. ಬುದ್ಧಿ ಬರಲಿ ಅಂತ.

ಬುದ್ಧಿ ಬಂದದ್ದು ನನಗೆ. ಅವರು ರಾಜನನ್ನು ಮರೆತರು, ಡ್ರ್ಯಾಗನ್ನನ್ನೂ ಮರೆತರು. ವಾರಗಟ್ಟಲೆ ನನ್ನ ಕಥೆ ಮುಂದಕ್ಕೆ ಹೋಗದೆ ಕಾಡಿನಲ್ಲಿ ಚಪ್ಪಲಿ ಹುಡುಕಿತು. ಗಾಬ್ಲಿನ್ ಪಡೆಯನ್ನೇ ಸದೆಬಡಿದು ಬಂದ ಟೈಲರಮ್ಮನನ್ನು ಕೇಳಿದೆ, "ಅಲ್ಲ ಕಣಮ್ಮ, ಒಂದು ಜೊತೆ ಚಪ್ಪಲಿಗೆ ಇಷ್ಟೊಂದು ರಕ್ತಪಾತನಾ?"

ಅವಳು ಕತ್ತಿ ಒರೆಸುವ ಹಾಗೆ ಕೈ ಮಾಡಿ ಹೇಳಿದಳು, "ಹೊಸದು ಅಕ್ಕಾ. ಶಿವಮೊಗ್ಗದಾಗೆ ತಗೊಂಡಿದ್ದು."

೨. ಗುಡ್ಡದ ಸರ್ವೆ ನಂಬರು

ಕೊನೆಗೂ ಡ್ರ್ಯಾಗನ್ ಗುಡ್ಡ ತಲುಪಿದರು. ಮಂತ್ರವಾದಿಗೆ ಬೆಂಕಿಯ ಉಂಡೆ ಎಸೆಯುವ ಮಂತ್ರ ಕೊಟ್ಟಿದ್ದೆ. ಮಿಂಚಿನ ಮಂತ್ರವೂ ಇತ್ತು. ಡ್ರ್ಯಾಗನ್ ರೆಕ್ಕೆ ಬಿಚ್ಚಿ ಎದುರು ನಿಂತಿತು. ನಾನು ಮೇಜು ಗುದ್ದಿ ಗರ್ಜಿಸಿದೆ. ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಲೋಟ ಬಿತ್ತು.

ಸರ್ವೇಯರ್ ಕನ್ನಡಕ ಏರಿಸಿಕೊಂಡು ಡ್ರ್ಯಾಗನ್ನಿಗೇ ಕೇಳಿದರು, "ಈ ಗುಡ್ಡ ಯಾರ ಹೆಸರಿನಾಗ ಐತಿ?"

ಡ್ರ್ಯಾಗನ್ ಪರವಾಗಿ ಮಾತಾಡಬೇಕಾದವಳು ನಾನು. ತಡವರಿಸಿದೆ. "ನಾ... ನಾನೂರು ವರ್ಷದಿಂದ ನಾನು ಇಲ್ಲೇ ಇದೀನಿ!"

"ಇರಬೌದು. ಪಹಣಿ ಐತೇನು?"

"...ಇಲ್ಲ."

"ಹಂಗಾದ್ರ ಒತ್ತುವರಿ."

ಆಮೇಲೆ ಆದದ್ದನ್ನು ನಾನು ಯಾವ ದೇಶದವರಿಗೆ ಹೇಳಿದರೂ ನಂಬುವುದಿಲ್ಲ. ಮಂತ್ರದ ದಂಡವನ್ನೇ ಅಳತೆಗೋಲು ಮಾಡಿಕೊಂಡು ಅವರು ಗುಡ್ಡದ ಹದ್ದುಬಸ್ತು ಮಾಡಿದರು. ಅಳತೆಯ ಚೈನು ಹಿಡಿಯಲು ಟೀಚರು, ಕಲ್ಲು ನೆಡಲು ಟೈಲರಮ್ಮ. ಡ್ರ್ಯಾಗನ್ ಬಾಲ ಎತ್ತಿ ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು, ಬಾಲ ಸರಿಯಾಗಿ ಗಡಿಯ ಮೇಲೆ ಬರುತ್ತಿತ್ತಂತೆ. ಗುಹೆಯ ಮುಂಭಾಗ ಗೋಮಾಳದಲ್ಲಿದೆ ಅಂತ ತೀರ್ಮಾನವಾಯಿತು. ಇನ್ನು ಹೊಡೆದೋಡಿಸುತ್ತಾರೆ, ಕತ್ತಿ ಹೊರಗೆ ಬರುತ್ತದೆ ಅಂತ ನಾನು ಕಾದೆ.

ಸರ್ವೇಯರ್ ತಲೆ ಅಲ್ಲಾಡಿಸಿದರು. "ನಾನೂರು ವರ್ಷ ಸ್ವಾಧೀನದಾಗ ಐತಿ. ಪಾಪ, ಯಾರೂ ಹೇಳಿಕೊಟ್ಟಿಲ್ಲ ಇದಕ್ಕ. ಬಗರ್‌ಹುಕುಂನಾಗ ಅರ್ಜಿ ಹಾಕಿದ್ರ ಯಾವತ್ತೋ ಸಕ್ರಮ ಆಗೋದು."

ದಾಳ ಹಾಕಿದರು. ಹದಿನೆಂಟು. ರಾಜ ಕೊಲ್ಲಲು ಕಳಿಸಿದ್ದ ಡ್ರ್ಯಾಗನ್ ಹೆಸರಿಗೆ ಅದೇ ರಾಜನ ಮೊಹರಿನ ಪಹಣಿ ಬಂತು. ನನಗೆ ಬೇರೆ ದಾರಿಯೇ ಇರಲಿಲ್ಲ, ಡ್ರ್ಯಾಗನ್ನಿನ ಕಣ್ಣಲ್ಲಿ ನೀರು ತರಿಸಿದೆ. ಸರ್ವೇಯರ್ ಅದರ ಮೂಗು ತಟ್ಟಿ, "ಅಳಬ್ಯಾಡ. ವರ್ಷಾ ವರ್ಷಾ ಕಂದಾಯ ಕಟ್ಟು, ಸಾಕು" ಅಂದರು.

೩. ಸೊರಬದ ಬಸ್ಸು

ಡ್ರ್ಯಾಗನ್ ಪಟ್ಟಾದಾರ ಆದ ಮೇಲೆ ರಾಜ ಸುಮ್ಮನಿರುತ್ತಾನೆಯೇ? ನಾನು ಒಬ್ಬ ದೂತನನ್ನು ಕಳಿಸಿದೆ. ಹುಣ್ಣಿಮೆಯೊಳಗೆ ಅದನ್ನು ಕೊಲ್ಲದಿದ್ದರೆ ನಿಮ್ಮ ತಲೆ ಹೋಗುತ್ತೆ ಅನ್ನುವ ಆಜ್ಞೆ ಕೊಟ್ಟು.

ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿದ್ದರು. ಒಂದು ಶನಿವಾರ ಟೀಚರ ಮನೆಗೆಂದು ಸೊರಬಕ್ಕೆ ಹೋಗಿ, ಭಾನುವಾರ ಬೆಳಿಗ್ಗೆ ಅವಳ ಜೊತೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಬಸ್ಸು ತುಂಬಿತ್ತು. ನನ್ನ ಗೆಳತಿ ಸೊಳ್ಳೆ ಕೂತರೂ ಊದಿ ಓಡಿಸುವಂಥ ಹೆಂಗಸು, ಮಕ್ಕಳಿಗೆ ಏರಿದ ದನಿಯಲ್ಲಿ ಬೈದವಳಲ್ಲ. ಕಿಟಕಿ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಾ, ಪಾಠ ಮಾಡುವ ಸ್ಪಷ್ಟ ದನಿಯಲ್ಲಿ ಶುರುಮಾಡಿದಳು.

"ನಾನು ರಾತ್ರಿಯಿಡೀ ಯೋಚನೆ ಮಾಡಿದೆ ಮಾರಾಯ್ತಿ. ಅವನನ್ನ ಮುಗಿಸದೇ ಸೈ."

"ಯಾರನ್ನೇ?"

"ಅವನನ್ನೇ. ಮನೆ ಬಾಗ್ಲಿಗೆ ಬಂದು ಹೆದರಿಸಿ ಹೋದ್ನಲ್ಲ. ಎಂತ ಮಾಡದು ಅಂದ್ರೆ, ಮರ್ಯಾದಿಯಿಂದ ಊಟಕ್ಕೆ ಕರೆಯದು. ಪಾಯಸದಲ್ಲಿ ವಿಷ ಹಾಕದು. ಟೈಲರಮ್ಮ ಕಾಲು ಹಿಡ್ಕೊಳ್ತಾಳೆ, ಡಾಕ್ಟ್ರು ನಾಡಿ ನೋಡಿ ಹೋಗಿದಾನೆ ಅಂತ ಹೇಳ್ತಾರೆ. ಬೆಳಗಾಗದ್ರೊಳಗೆ ಹೆಣ ತಗಂಡು ಹೋಗಿ ಬಾವಿಗೆ ಹಾಕಿದ್ರೆ ಆತು."

ನಾನು ಅವಳ ಕೈ ಚಿವುಟಿದೆ. ಮುಂದಿನ ಸೀಟಿನವರ ಕಿವಿ ನಿಮಿರಿತ್ತು. ಕಂಡಕ್ಟರ್ ಬಾಯಲ್ಲಿ ಸೀಟಿ ಇಟ್ಟುಕೊಂಡು ಊದುವುದನ್ನೇ ಮರೆತಿದ್ದ, ಇಳಿಯಬೇಕಾದವರ ಸ್ಟಾಪು ಹಿಂದೆ ಹೋಯಿತು. ಆದರೂ ಯಾರೂ ಕೂಗಲಿಲ್ಲ. ಒಂದು ನರಪಿಳ್ಳೆಯೂ ಕೆಮ್ಮಲಿಲ್ಲ. ಟೀಚರಿಗೆ ಇದರ ಪರಿವೆಯೇ ಇಲ್ಲ, "ಬಾವಿ ಬ್ಯಾಡ ಅಂದ್ರೆ ಅಂಬ್ಲಿಗೊಳದಂಥ ಒಂದು ಡ್ಯಾಮು ಇಡ್ತೀಯ ನೋಡು" ಅಂದಳು.

ಆಗ ಪಕ್ಕದ ಸೀಟಿನಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿ ಅವಳ ಭುಜ ತಟ್ಟಿದಳು. ಆಯಿತು, ಈಗ ಬಸ್ಸು ಠಾಣೆಗೇ ಹೋಗುತ್ತದೆ ಅಂದುಕೊಂಡೆ.

ಅಜ್ಜಿ ಮೆಲ್ಲಗೆ ಹೇಳಿದಳು, "ತಂಗೀ, ಏನಾರ ಮಾಡ್ಕ. ಅಂಬ್ಲಿಗೊಳಕ್ಕೆ ಮಾತ್ರ ಹಾಕ್ಬ್ಯಾಡ ಕಣವ್ವಾ. ನಮ್ಮ ಗದ್ದಿಗೆ ಅದೇ ನೀರು."

೪. ಗೊಟ್ಟ

ದೂತ ಪಾಯಸ ಕುಡಿದು ಸತ್ತ, ರಾಜನ ಆಜ್ಞೆಯೂ ಅವನ ಜೊತೆ ಬಾವಿ ಸೇರಿತು. ಹುಣ್ಣಿಮೆ ಬಂತು. ಡ್ರ್ಯಾಗನ್ ಮಾತ್ರ ತನ್ನ ಪಟ್ಟಾ ಜಮೀನಿನಲ್ಲಿ ಕಾಲು ಚಾಚಿ ಮಲಗಿತ್ತು.

ಇತ್ತ ನಮ್ಮ ಕಂಪನಿಯ ಮ್ಯಾನೇಜರು ಫೋನಿನ ಮೇಲೆ ಫೋನು. ಮೈಸೂರಿನವರು, ಬಹಳ ಮೃದು ಮಾತಿನ ಮನುಷ್ಯ. "ಮೇಡಂ, ಕಾಲು ಸರಿಹೋಯ್ತಂತಲ್ಲ. ಮುಂದಿನ ಗುಂಪು ನೀವೇ ಕರ್ಕೊಂಡು ಹೋಗ್ಬೇಕು. ಯಾವಾಗ ಬರ್ತೀರಿ?"

ಆಟದ ಮಧ್ಯೆ ಇದ್ದೆ. "ಇಲ್ಲೊಂದು ಜೀವ ಹೋಗೋದು ಬಾಕಿ ಇದೆ ಸಾರ್. ಇವತ್ತೋ ನಾಳೆಯೋ ಅಂತ ಕಾಯ್ತಾ ಇದೀವಿ. ಅದೊಂದು ಆದ್ರೆ ಹೊರಟೆ" ಅಂದೆ.

ಅವರು ದನಿ ತಗ್ಗಿಸಿ, "ಅಯ್ಯೋ, ಅವಸರ ಮಾಡ್ಬೇಡಿ ಮೇಡಂ. ಹಿರೀರು ನೆಮ್ಮದಿಯಾಗಿ ಹೋಗ್ಲಿ" ಅಂದರು. ಆ ಮಾತಿಗೆ ಅರ್ಥ ಹುಡುಕಲು ನನಗೆ ಆಗ ಪುರಸೊತ್ತಿರಲಿಲ್ಲ. ಡ್ರ್ಯಾಗನ್ ಬಾಯ್ತೆರೆದು ಬೆಂಕಿ ಉಗುಳಲು ತಯಾರಾಗಿತ್ತು. ಇವತ್ತು ಇದನ್ನು ಮುಗಿಸಿಯೇ ಬಿಡುವುದು ಅಂತ ನಾನೂ ತಯಾರಾಗಿದ್ದೆ.

"ಬೆಂಕಿ! ನಿಮ್ಮ ಕಡೆಗೇ ಬರ್ತಿದೆ! ಏನು ಮಾಡ್ತೀರಿ?"

ದನದ ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಎಷ್ಟು ದಿನದಿಂದ ಹಿಂಗ ಬೆಂಕಿ ಬರ್ತೈತ್ರೀ?"

"ಡಾಕ್ಟ್ರೇ, ಅದು ಡ್ರ್ಯಾಗನ್. ಹುಟ್ಟಿದಾಗಿಂದ ಬರುತ್ತೆ."

"ಹಂಗಂತ ಎಲ್ಲಾರೂ ಅಂತಾರ. ಮೇವು ತಿಂತೈತಾ? ಮೆಲುಕು ಹಾಕ್ತೈತಾ? ಸಗಣಿ ಹೆಂಗ ಹಾಕ್ತೈತಿ, ತೆಳ್ಳಗೋ ಗಟ್ಟಿಯೋ?"

ನಾನು ಈ ಆಟವನ್ನು ಎಷ್ಟೋ ದೇಶದ ಜನರ ಜೊತೆ ಆಡಿದ್ದೇನೆ. ಡ್ರ್ಯಾಗನ್ ಸಗಣಿಯ ವಿಚಾರ ಒಬ್ಬನೇ ಒಬ್ಬ ಕೇಳಿದವನಿಲ್ಲ. "ಗಟ್ಟಿ... ಕಪ್ಪಗೆ" ಅಂದೆ.

"ಮತ್ತ!" ಅಂತ ಡಾಕ್ಟರು ಸರ್ವೇಯರ್ ಕಡೆ ತಿರುಗಿದರು. "ಹೊಟ್ಟೆ ಉಬ್ಬರ. ಬರೇ ದನ ತಿಂದ್ರ ಇನ್ನೇನಾಗ್ತೈತಿ? ಹಸಿರು ಮೇವಿಲ್ಲ, ನೀರಿಲ್ಲ. ಅದರ ಸಿಟ್ಟೆಲ್ಲ ಹೊಟ್ಟೇದು."

ಒಂದು ಇಡೀ ಬಿದಿರು ಕಡಿದು, ದನಕ್ಕೆ ಔಷಧಿ ಕುಡಿಸುವಂಥ ಗೊಟ್ಟ ಮಾಡಿದರು. ಅದರೊಳಗೆ ಮಜ್ಜಿಗೆ, ಇಂಗು, ಓಮ. ವೀರೆ ದವಡೆ ಹಿಡಿದಳು, ಕಳ್ಳಿ ನಾಲಿಗೆ ಎಳೆದಳು, ಮಂತ್ರವಾದಿ ಬಾಲ ತಿರುವಿದರು. ದಾಳ ಹತ್ತೊಂಬತ್ತು. ಗೊಟ್ಟ ಖಾಲಿ. ನಾನು ಸೋತು, ಒಂದು ಗುಡುಗಿನಂಥ ತೇಗು ತೆಗೆಸಿದೆ. ಬೆಂಕಿ ಆರಿತು. ಮೂರು ರಾಜ್ಯಗಳನ್ನು ನಡುಗಿಸಿದ ನನ್ನ ಡ್ರ್ಯಾಗನ್ನಿನ ಬಾಯಿಂದ ಈಗ ಓಮದ ವಾಸನೆ ಮಾತ್ರ ಬರುತ್ತಿತ್ತು.

ನಾನು ತಲೆಮೇಲೆ ಕೈ ಹೊತ್ತು ಕೂತೆ. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಸಮಾಧಾನ ಮಾಡಿದರು, "ಏನೂ ಚಿಂತಿ ಮಾಡಬ್ಯಾಡ್ರಿ ಮೇಡಮ್ಮಾರ. ಕಡಿಮಿ ಆಗ್ಲಿಲ್ಲಂದ್ರ ಮುಂದಿನ ವಾರ ಮತ್ತ ಹೊಡ್ಕೊಂಡು ಬರ್ರಿ."

೫. ಟೈಲರಮ್ಮನ ಬಾಯಿ

ಇವರಿಗೆ ಆಟ ಬರುವುದಿಲ್ಲ ಅಂತಲೇ ನಾನು ತಿಳಿದಿದ್ದೆ. ಲೋಕ ಸುತ್ತಿದವರ ದಡ್ಡತನ ಹೀಗೇ ಇರುತ್ತದೆ, ಕಣ್ಣೆದುರಿಗೆ ಇದ್ದದ್ದು ಕಾಣುವುದಿಲ್ಲ.

ಮುಂದಿನ ಭಾನುವಾರ ಯಾರಿಂದಲೂ ತಪ್ಪಿಸಲಾಗದಂತೆ ಕಥೆ ಕಟ್ಟಿದೆ. ಡ್ರ್ಯಾಗನ್ ಮಜ್ಜಿಗೆಯ ಮತ್ತಿನಲ್ಲಿ ಅಂಗಾತ ಮಲಗಿದೆ. ಹೊಟ್ಟೆಯ ಮೇಲೆ ಹುರುಪೆ ಇಲ್ಲದ ಒಂದು ಜಾಗ. ಅಲ್ಲಿ ಟೈಲರಮ್ಮನ ಕತ್ತಿ. ಐದರ ಮೇಲೆ ಏನು ಬಿದ್ದರೂ ಸಾವು. "ಹಾಕು" ಅಂದೆ.

ಅವಳು ಹಾಕಿದಳು. ದಾಳ ಉರುಳಿ ಉರುಳಿ ಉಪ್ಪಿನಕಾಯಿ ಭರಣಿಗೆ ತಾಗಿ ನಿಂತಿತು. ಇಪ್ಪತ್ತು. ನನ್ನ ಕಣ್ಣಾರೆ ಕಂಡೆ, ಇಪ್ಪತ್ತು!

ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ದಾಳ ಎತ್ತಿ ಬಾಯೊಳಗೆ ಹಾಕಿಕೊಂಡಳು. ಹೊಲಿಯುವಾಗ ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಆಮೇಲೆ ತುಟಿ ಮುಚ್ಚಿಕೊಂಡೇ ಎರಡು ಬೆರಳು ತೋರಿಸಿದಳು. ಎರಡು ಬಿತ್ತಂತೆ.

"ಇಪ್ಪತ್ತು ಬಿದ್ದಿತ್ತು!"

"ಎರಡು" ಅಂದರು ಸರ್ವೇಯರ್, ನನ್ನ ಮುಖ ನೋಡದೆ.

"ನಾನೂ ಎರಡೇ ಕಂಡಿದ್ದು" ಅಂದರು ಡಾಕ್ಟರು, ಫ್ಯಾನ್ ನೋಡುತ್ತಾ.

ದಾಳ ನಾನು ಓದಿ ಹೇಳುವ ಮುಂಚೆ ಮೇಜಿನಿಂದ ಎದ್ದರೆ ಆ ಏಟು ಲೆಕ್ಕಕ್ಕಿಲ್ಲ ಅನ್ನುವುದು ನಾನೇ ಮಾಡಿದ ನಿಯಮ. ಡ್ರ್ಯಾಗನ್ ಮತ್ತೆ ಬದುಕಿತು. ಗೆಲ್ಲಲು ಮೋಸ ಮಾಡುವವರನ್ನು ನಾನು ಎಲ್ಲ ದೇಶಗಳಲ್ಲೂ ನೋಡಿದ್ದೇನೆ. ಸೋಲಲು ಮೋಸ ಮಾಡುವವರನ್ನು, ಅದೂ ಇಡೀ ತಂಡ ಒಟ್ಟಾಗಿ, ನೋಡಿದ್ದು ಇದೇ ಮೊದಲು.

"ನಿಂಗೆ ಗೊತ್ತಾಗಕ್ಕೆ ಇಷ್ಟು ಕಾಲ ಬೇಕಾತಾ ಮಾರಾಯ್ತಿ?" ಅಂದಳು ಟೀಚರು. "ಅದು ಸತ್ರೆ ನೀನು ಹೋಗ್ತೀಯಲೆ."

ಟೈಲರಮ್ಮ ದಾಳ ಕೈಗೆ ತೆಗೆದುಕೊಂಡಳು. ತಲೆ ಎತ್ತಲಿಲ್ಲ. "ವಾರವೆಲ್ಲ ಅಂಗಡೀಲಿ ಕೂತು ಬ್ಲೌಸ್ ಹೊಲೀತೀನಿ ಅಕ್ಕಾ. ಭಾನುವಾರ ಒಂದಿನ ನಾನು ಹಡಗಲ್ಲಿರ್ತೀನಿ, ಮರಳುಗಾಡಲ್ಲಿರ್ತೀನಿ. ನೀವು ಹೋದ್ರೆ ನಾನು ಯಾರ ಹತ್ರ ಊರು ನೋಡ್ಲಿ?"

ಆಮೇಲೆ ಅವಳೇ ದಾಳವನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದಳು, "ದಾಳ ತೊಳೆದು ಕೊಡ್ಲಾ ಅಕ್ಕಾ?"

೬. ಅಕ್ಕನ ಕೈಗುಣ

ಮ್ಯಾನೇಜರಿಗೆ ಸೋಮವಾರ ಉತ್ತರ ಕೊಡಬೇಕಿತ್ತು. ನಾನು ಮನಸ್ಸು ಕಲ್ಲು ಮಾಡಿಕೊಂಡೆ. ಕಥೆ ಅಂದ ಮೇಲೆ ಮುಗಿಯಬೇಕು, ಕಾಲು ಅಂದ ಮೇಲೆ ನಡೆಯಬೇಕು. ಮರುವಾರದ ಆಟದಲ್ಲೂ ಡ್ರ್ಯಾಗನ್ ಹಾಗೇ ಅಂಗಾತ ಮಲಗಿತ್ತು. ದಾಳ ಮೇಜಿನ ನಡುವೆ ಇಟ್ಟು, "ಯಾರಾದ್ರೂ ಸರಿ, ಹಾಕಿ" ಅಂದೆ.

"ಡಾಕ್ಟ್ರೇ, ನೀವು ಹಾಕ್ರಿ."

"ಛೇ ಛೇ, ಹಿರೀರು ನೀವಿದೀರಿ, ನೀವು ಹಾಕ್ರಿ."

"ಟೀಚರಮ್ಮ ದೂರದಿಂದ ಬಂದಾರ, ಮೊದಲು ಅವರಿಗೆ ಕೊಡ್ರಿ."

ಮದುವೆ ಮನೆಯಲ್ಲಿ ಕೊನೆಯ ಹೋಳಿಗೆ ತಿರುಗುವ ಹಾಗೆ ದಾಳ ಮೇಜಿನ ಸುತ್ತ ತಿರುಗಿತು. ಟೈಲರಮ್ಮನ ಹತ್ತಿರ ಬಂದಾಗ ಅವಳು ಬಾಯಿ ತೆರೆದಳು, ನಾನು ಕೈ ಹಿಡಿದೆ.

ಅಷ್ಟರಲ್ಲಿ ಅಕ್ಕ ಖಾರಮಂಡಕ್ಕಿಯ ಬೋಗುಣಿ ಹಿಡಿದು ಬಂದಳು. ತಿಂಗಳುಗಟ್ಟಲೆ ಭಾನುವಾರದ ನಿದ್ದೆ ಕೆಟ್ಟವಳು. ನನ್ನ ಗರ್ಜನೆಗೆ ಲೋಟಗಳು ನೆಗ್ಗಿದ್ದವು. "ಇನ್ನೂ ಸತ್ತಿಲ್ವೇನೇ ಆ ಹಲ್ಲಿ? ನಾಲ್ಕು ಜನ ಸೇರಿ ಒಂದು ಹಲ್ಲಿ ಸಾಯಿಸಕ್ಕೆ ಆಗಲ್ವಾ? ಕೊಡಿ ಇಲ್ಲಿ!"

"ಬ್ಯಾಡ!" ಅಂತ ನಾಲ್ವರೂ ಒಟ್ಟಿಗೆ ಕೂಗಿದರು.

ಅಕ್ಕ ಚಿಕ್ಕಂದಿನಿಂದ ಚೌಕಾಬಾರದಲ್ಲಿ ನಮ್ಮನ್ನೆಲ್ಲ ಸೋಲಿಸಿ ಅಳಿಸಿದವಳು. ದಾಳ ಮುಷ್ಟಿಯಲ್ಲಿ ಕುಲುಕಿ, ಊದಿ, ಎಸೆದಳು. ಅದು ಉರುಳಲೇ ಇಲ್ಲ. ಬಿದ್ದ ಕಡೆಯೇ ಕೂತಿತು. ಇಪ್ಪತ್ತು. ನನ್ನ ಬಾಯಿ ನನ್ನನ್ನೂ ಮೀರಿ ಓದಿಬಿಟ್ಟಿತು, "ಇಪ್ಪತ್ತು."

"ಸತ್ತಿತಾ?"

"ಸತ್ತಿತು."

"ನೋಡಿ! ಇಷ್ಟೇ ಕೆಲಸ!" ಅಂತ ಅಕ್ಕ ಸೊಂಟಕ್ಕೆ ಕೈ ಇಟ್ಟು ಸುತ್ತ ನೋಡಿದಳು. ಸೂತಕದ ಮನೆ. ಟೈಲರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. "ಯಾ ಅಲ್ಲಾ, ನಿಮ್ಮ ಕೈಯಲ್ಲೇ ಆಗ್ಬೇಕಿತ್ತಾ ದೊಡ್ಡಕ್ಕಾ?"

"ಏನಾಯ್ತ್ರೇ?"

ಟೀಚರು ವಿಷಯ ಹೇಳಿದಳು. ಅದು ಸತ್ತರೆ ನಿನ್ನ ತಂಗಿ ಹೊರಡುವುದು ಅಂತ. ನಾನು ಬಂದಾಗಿನಿಂದ ಊರ ದೇವರಿಗೆಲ್ಲ "ಇವಳು ಇಲ್ಲೇ ನಿಲ್ಲೋ ಹಾಗೆ ಮಾಡಪ್ಪಾ" ಅಂತ ಕೈ ಮುಗಿಯುತ್ತಿದ್ದ ಅಕ್ಕ ಬೋಗುಣಿ ಸಮೇತ ಕುರ್ಚಿಗೆ ಕುಸಿದಳು. ಮಂಡಕ್ಕಿ ಚೆಲ್ಲಿತು. "ನನಗ್ಯಾರೂ ಹೇಳ್ಲಿಲ್ವಲ್ಲೇ! ನನ್ನ ಕೈಯಾರೆ ನಾನೇ..."

ಯಾರೂ ಮಂಡಕ್ಕಿ ಆರಿಸಲಿಲ್ಲ. ನಾನು ಕಥೆ ಮುಗಿಸುವ ಮಾತು ಶುರುಮಾಡಿದೆ. "ಹೀಗೆ ಡ್ರ್ಯಾಗನ್ ಪ್ರಾಣ ಬಿಟ್ಟಿತು. ಗುಡ್ಡವೂ ಅದರ ಸಂಪತ್ತೂ ನಾಲ್ವರ ಪಾಲಾಯಿತು..."

"ಹೆಂಗಾಗ್ತೈತಿ?" ಅಂದರು ಸರ್ವೇಯರ್.

"ಏನು ಸಾರ್?"

"ಗುಡ್ಡ ಅದರ ಹೆಸರಿನಾಗ ಐತಿ. ಪಹಣಿ ನಾನೇ ಮಾಡಿಸೀನಿ. ಖಾತೆದಾರ ತೀರಿಕೊಂಡ ಮ್ಯಾಲ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಒಂದು ಕಲ್ಲೂ ಮುಟ್ಟಂಗಿಲ್ಲ." ಅವರ ಬೆನ್ನು ನೆಟ್ಟಗಾಗಿತ್ತು. "ವಂಶವೃಕ್ಷ ಬೇಕು. ವಾರಸುದಾರರು ಎಲ್ಲೆಲ್ಲಿ ಅದಾರೋ ಅಲ್ಲಿಗೆಲ್ಲ ಹೋಗಿ ಒಬ್ಬೊಬ್ಬರ ಸಹಿ ತರಬೇಕ. ಒಬ್ಬರು ತಕರಾರು ತಗದ್ರೂ ಮೊದಲಿಂದ. ಕಥಿ ಹೆಂಗ ಮುಗೀತೈತಿ ತಂಗೀ?"

ಟೈಲರಮ್ಮ ಮುಖದಿಂದ ಕೈ ತೆಗೆದಳು. ಕಣ್ಣು ಒದ್ದೆಯಾಗಿದ್ದವು. ನನ್ನನ್ನೇ ನೋಡುತ್ತಾ ಕೇಳಿದಳು, "ಅಕ್ಕಾ, ಅದಕ್ಕೆ ಮಕ್ಕಳೆಷ್ಟು?"

ಈ ಆಟದಲ್ಲಿ ಕಥೆ ನಡೆಸುವವಳ ಮಾತೇ ಕಡೆಯ ಮಾತು. ಒಂದೂ ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮರುದಿನ ಪೆಟ್ಟಿಗೆ ಕಟ್ಟುತ್ತಿದ್ದೆ. ಅಕ್ಕ ಯಾವ ದೇವರನ್ನೋ ನೆನೆಯುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು.

"ಹನ್ನೊಂದು" ಅಂದೆ. ನನಗೇ ಗಾಬರಿಯಾಯಿತು. "ಒಂದೊಂದು ಒಂದೊಂದು ದೇಶದಲ್ಲಿವೆ. ಒಂದು ಉಪ್ಪಿನ ಬಯಲಲ್ಲಿ, ಒಂದು ಸೂರ್ಯ ಮುಳುಗದ ಊರಲ್ಲಿ..."

ಟೈಲರಮ್ಮ ಆಗಲೇ ಎದ್ದು ನಿಂತು ಚಪ್ಪಲಿ ಹಾಕಿಕೊಳ್ಳುವವಳಂತೆ ಕಾಲಾಡಿಸುತ್ತಿದ್ದಳು. ಅಕ್ಕ ಕಣ್ಣೊರೆಸಿಕೊಂಡು, "ಹನ್ನೊಂದಾ! ಪಾಪ, ಬಾಣಂತನ ಯಾರು ಮಾಡಿದ್ರೋ" ಅಂದಳು. "ಅದು ಮೊಟ್ಟಿ ಇಡ್ತೈತ್ರೀ ಅಕ್ಕಾರ" ಅಂದರು ದನದ ಡಾಕ್ಟರು.

ಅದೇ ಸಂಜೆ ಮ್ಯಾನೇಜರಿಗೆ ಮೆಸೇಜು ಹಾಕಿದೆ. ಇದ್ದದ್ದು ಇದ್ದ ಹಾಗೆ: "ಇವತ್ತು ಹೋಯಿತು ಸಾರ್. ಆದರೆ ಪೌತಿ ಖಾತೆ ಬಾಕಿ ಇದೆ, ಮಕ್ಕಳು ಹನ್ನೊಂದು, ಎಲ್ಲ ಬೇರೆ ಬೇರೆ ದೇಶ. ಈ ಸಲ ನನ್ನನ್ನು ಬಿಟ್ಟುಬಿಡಿ."

ಸೋಮವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದೆ, ಈ ಸಲ ಗೋಡೆ ಹಿಡಿದುಕೊಂಡು. ಫೋನು ಬಡಿಯಿತು. ಅಕ್ಕ ಎತ್ತಿದಳು. ಬಚ್ಚಲಿಗೆ ಅವಳ ದನಿ ಕೇಳಿಸುತ್ತಿತ್ತು.

"ಹೌದು, ಅವಳಕ್ಕ ನಾನು... ಹೂಂರೀ, ನಿನ್ನೆ ಮಧ್ಯಾಹ್ನ... ವಯಸ್ಸಾ? ನಾನೂರಂತೆ... ಅಯ್ಯೋ ತಾನಾಗಿ ಹೋಗಿದ್ದಲ್ಲ ರೀ, ನಾನೇ ಸಾಯಿಸಿದ್ದು... ಏನು ಮಾಡ್ಲಿ? ಅಂಗಾತ ಮಲ್ಕೊಂಡು ಸಾಯ್ತಾನೂ ಇರ್ಲಿಲ್ಲ, ಯಾರಿಗೂ ಕೈಯೇ ಬರ್ತಾ ಇರ್ಲಿಲ್ಲ. ಮಂಡಕ್ಕಿ ತಂದವಳು, ಬೇಜಾರಾಗಿ ಒಂದೇ ಏಟಿಗೆ ಮುಗಿಸಿಬಿಟ್ಟೆ... ಪೊಲೀಸ್ ಯಾಕ್ರೀ? ಡಾಕ್ಟ್ರೂ ಇಲ್ಲೇ ಕೂತು ನೋಡ್ತಿದ್ರಲ್ಲ!"

ಒದ್ದೆ ಕಾಲಲ್ಲೇ ಓಡಿ ಬಂದೆ. ಫೋನು ಕಟ್ಟಾಗಿತ್ತು. ಅದನ್ನು ಅಕ್ಕನ ಕೈಯಿಂದ ತೆಗೆದುಕೊಳ್ಳುವಷ್ಟರಲ್ಲಿ ಮ್ಯಾನೇಜರ ಮೆಸೇಜು ಬಂತು:

"ಮೇಡಂ, ಎಷ್ಟು ದಿನ ಬೇಕೋ ಅಷ್ಟು ರಜೆ ತಗೊಳ್ಳಿ. ದಯವಿಟ್ಟು ಅಕ್ಕನಿಗೆ ಬೇಜಾರು ಮಾತ್ರ ಮಾಡಬೇಡಿ."